ಮುಟ್ಟಿನ ನೋವು, ಮೊಣಕಾಲಿನ ಮುಲಾಮು

ಕಳೆದ ಮಳೆಗಾಲದಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮೂರು ದಿನ ಕಾಲೇಜಿಗೆ ಬರಲಿಲ್ಲ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೆರ್ಲ ಕಡೆಯವಳು. ಮನೆಯಲ್ಲಿ ತುಳು, ಶಾಲೆ ಪೂರ್ತಿ ಕನ್ನಡ ಮೀಡಿಯಂ. ನಾಲ್ಕನೇ ದಿನ ಸ್ಟಾಫ್ ರೂಮಿಗೆ ಬಂದು ಡಾಕ್ಟರ ಚೀಟಿ ತೋರಿಸಿದಳು. ಅದರಲ್ಲಿ ನೋವಿಗೆ ಹಚ್ಚುವ ಮುಲಾಮು ಬರೆದಿತ್ತು.

"ಟೀಚರ್, ಇದನ್ನು ಹೊಟ್ಟೆಗೆ ಹಚ್ಚುವುದಾ?"

ವಿಚಾರಿಸಿದೆ. ನಾಚಿಕೆಯಿಂದ ಮೆಲ್ಲಗೆ "ಮುಟ್ಟಿನ ನೋವು" ಎಂದಿದ್ದಳಂತೆ. ಡಾಕ್ಟರು ಮಲಯಾಳದವರು. ಮಲಯಾಳದಲ್ಲಿ ಮುಟ್ಟು ಅಂದರೆ ಮೊಣಕಾಲು. ಹೊರಗೆ ಉದ್ದ ಕ್ಯೂ. ಅವರು ಮತ್ತೆ ಕೇಳಲಿಲ್ಲ, ಇವಳು ಮತ್ತೆ ಹೇಳಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾರಕ್ಕೊಂದು ಗಂಟೆ ಈ ಮಕ್ಕಳಿಗೆ ಆರೋಗ್ಯದ ಪಾಠ ಮಾಡುವವಳು ನಾನು. ಪ್ರೊಟೀನ್, ವಿಟಮಿನ್ ಎಲ್ಲ ಹೇಳಿಕೊಟ್ಟಿದ್ದೆ. ತನ್ನ ಮೈಗೆ ಏನಾಗುತ್ತಿದೆ ಎಂದು ಡಾಕ್ಟರ ಮುಂದೆ ಹೇಗೆ ಹೇಳಬೇಕು ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಕಾಸರಗೋಡಿನ ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಅದೇ ಅಲ್ವಾ?

ಈಗ ಬೋರ್ಡಿನ ಮೇಲೆ ಮೂರು ಸಾಲು ಗೀಟು ಹಾಕುತ್ತೇನೆ. ಕನ್ನಡ, ತುಳು, ಮಲಯಾಳ. ನಮ್ಮ ಸುಸ್ತು ಮಲಯಾಳದಲ್ಲಿ ಕ್ಷೀಣಂ. ತಲೆ ತಿರುಗಿದರೆ ತಲಕರಕ್ಕಂ. ಮುಟ್ಟಿಗೆ ಆರ್ತವಂ, ಕಿಬ್ಬೊಟ್ಟೆಗೆ ಅಡಿವಯರ್. ತುಳುವಿನಲ್ಲಿ ಪನಿ ಅಂದರೆ ಜಿಟಿಜಿಟಿ ಮಳೆ, ಮಲಯಾಳದಲ್ಲಿ ಜ್ವರ. ಹುಡುಗರೂ ಕೂತು ಬರೆದುಕೊಳ್ಳುತ್ತಾರೆ. ಮುಟ್ಟಿನ ವಿಷಯ ಬಂದಾಗ ಅವರನ್ನು ಹೊರಗೆ ಕಳಿಸುವ ಪದ್ಧತಿ ನನ್ನ ಕ್ಲಾಸಿನಲ್ಲಿ ಇಲ್ಲ.

ಪನಿಯ ಜೊತೆಗೇ ಎಲಿಪ್ಪನಿಯ ಮಾತು ಬಂತು. ನಮ್ಮ ಇಲಿಜ್ವರ. ರಜೆಯಲ್ಲಿ ತೋಟದ ಕೆಲಸಕ್ಕೆ ಇಳಿಯುವ ಹುಡುಗರು ಜಾಸ್ತಿ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಗುಲಿದರೆ ಸಾಕು. ಜ್ವರ ಬಂದು ಮೀನಖಂಡ ನೋಯತೊಡಗಿದರೆ ಸುಮ್ನೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ತೋಟದ ನೀರಿನಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ಹೇಳಿ ಎಂದೆ.

2023ರ ಜನವರಿಯಲ್ಲಿ ಕೇರಳ ಸರ್ಕಾರ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆ ಕೊಟ್ಟಿತು. ಹಾಜರಾತಿ 75ರ ಬದಲು 73 ಶೇಕಡ ಇದ್ದರೂ ಪರೀಕ್ಷೆಗೆ ಕೂರಬಹುದು. ಒಳ್ಳೆಯದೇ. ಆದರೆ ತಿಂಗಳು ತಿಂಗಳು ಹಾಸಿಗೆ ಹಿಡಿಸುವಷ್ಟು ನೋವಿದ್ದರೆ ರಜೆ ಹಾಕಿ ಸಹಿಸಿಕೊಳ್ಳುವುದಲ್ಲ, ತೋರಿಸಲೇಬೇಕು. ಇದನ್ನು ನಾನು ಪ್ರತಿ ವರ್ಷ ಎರಡೆರಡು ಸಲ ಹೇಳುತ್ತೇನೆ.

ಆ ಹುಡುಗಿ ಮತ್ತೆ ಡಾಕ್ಟರ ಹತ್ತಿರ ಹೋದಳು. ಈ ಸಲ ನೋಟ್ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲೇ ಮಲಯಾಳ ವಾಕ್ಯ ಬರೆದುಕೊಂಡಿದ್ದಳು. ಎಷ್ಟು ದಿನದಿಂದ, ಎಷ್ಟು ರಕ್ತ ಹೋಗುತ್ತದೆ, ಎಲ್ಲಿ ನೋವು, ಎಲ್ಲವೂ ಇತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 9 ಇತ್ತು. ಇವಳೊಬ್ಬಳದ್ದೇ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ.

ಕಬ್ಬಿಣದ ಮಾತ್ರೆ ಕೊಟ್ಟರು. ಬೆಳಿಗ್ಗೆ ಏನು ತಿನ್ನುತ್ತಿ ಎಂದು ಕೇಳಿದೆ.

"ಏಳುಕಾಲಿಗೆ ಬಸ್ಸು ಟೀಚರ್. ಒಂದು ಗ್ಲಾಸು ಚಾ. ಮಾತ್ರೆಯೂ ಅದರೊಟ್ಟಿಗೆ."

ಚಾ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಮಾತ್ರೆಗೂ ಚಾಕ್ಕೂ ಒಂದೆರಡು ಗಂಟೆ ಅಂತರ ಬೇಕು. ಬದಲಿಗೆ ನೆಲ್ಲಿಕಾಯಿಯೋ ಪೇರಳೆಯೋ ತಿಂದರೆ ಒಳ್ಳೆಯದು. ಮಲ ಕಪ್ಪಾದರೆ ಹೆದರಿ ಮಾತ್ರೆ ನಿಲ್ಲಿಸಬೇಡ ಎಂದೂ ಹೇಳಿದೆ. ಹಿಂದಿನ ದಿನದ ಗಂಜಿ, ಹೆಸರುಕಾಳಿನ ಪಲ್ಯ ಡಬ್ಬಿಗೆ ಹಾಕಿಕೊಂಡು ಬಾ, ಮೊದಲ ಪೀರಿಯಡ್ ಮುಗಿದ ಮೇಲೆ ನನ್ನ ಮೇಜಿನಲ್ಲೇ ಕೂತು ತಿನ್ನು ಎಂದೆ. ಈಗ ಅಲ್ಲಿ ನಾಲ್ಕು ಡಬ್ಬಿಗಳು ಬಿಚ್ಚಿಕೊಳ್ಳುತ್ತವೆ.

ನಿನ್ನೆ ಅವಳು ಬೋರ್ಡಿನ ಮುಂದೆ ನಿಂತು ತಲಕರಕ್ಕಂ ಎಂಬುದನ್ನು ಬೇರೊಂದು ಹಾಳೆಗೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು. ಯಾರಿಗೆ ಎಂದೆ. ಅಮ್ಮನಿಗಂತೆ. ಬೀಡಿ ಕಟ್ಟಿ ಏಳುವಾಗ ಕಣ್ಣು ಕತ್ತಲೆ ಬರುತ್ತದೆ ಎಂದು ಅಮ್ಮ ಮೊನ್ನೆಯಷ್ಟೇ ಬಾಯಿಬಿಟ್ಟಿದ್ದಾರೆ. ಶನಿವಾರ ಇಬ್ಬರೂ ಒಟ್ಟಿಗೆ ಹೋಗುತ್ತಾರೆ.