ಬೀನ್‌ಬ್ಯಾಗಿನಿಂದ ಅಪ್ಪನನ್ನು ಎಬ್ಬಿಸುವ ಆಟ

ಬ್ರಿಸ್ಬೇನಿನಲ್ಲಿ ಚಿಕ್ಕ ಮಕ್ಕಳಿರುವ ಯಾವ ಮನೆಗೆ ಹೋದರೂ ಒಂದು ನೀಲಿ ನಾಯಿಮರಿ ಎದುರಾಗುತ್ತದೆ. ನೀರಿನ ಬಾಟಲಿಯ ಮೇಲೆ, ಹೊದಿಕೆಯ ಮೇಲೆ, ಶಾಲೆಯ ಚೀಲದ ಮೇಲೆ ಅದೇ ಮುಖ. ಹೆಸರು ಬ್ಲೂಯಿ. ಜಾತಿಯಲ್ಲಿ ಬ್ಲೂ ಹೀಲರ್, ಅಂದರೆ ಇಲ್ಲಿನ ದನಗಾಹಿಗಳು ಸಾಕುವ ನಾಯಿ. ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ, ತಂಗಿ ಬಿಂಗೊ. 2018ರ ಅಕ್ಟೋಬರ್ 1ರಂದು ಆಸ್ಟ್ರೇಲಿಯಾದ ಸರ್ಕಾರಿ ವಾಹಿನಿ ಎಬಿಸಿಯಲ್ಲಿ ಶುರುವಾದ ಈ ಕಾರ್ಟೂನಿನ ಒಂದು ಕಂತು ಏಳೇ ನಿಮಿಷ. 2024ರಲ್ಲಿ ಅಮೆರಿಕದ ಜನ ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ಹೊತ್ತು ನೋಡಿದ್ದು ಇದನ್ನೇ, ದೊಡ್ಡವರ ಧಾರಾವಾಹಿಗಳನ್ನೆಲ್ಲ ಹಿಂದೆ ಹಾಕಿ.

ಊರಿನವರಿಗೆ ನಾನು ಹೇಳಬೇಕೆಂದಿರುವುದು ಇದರ ರಂಗರೂಪದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಇದನ್ನು ಹುಟ್ಟುಹಾಕಿದ ಜೋ ಬ್ರಮ್ ಎಂಬ ಮನುಷ್ಯನ ಬಗ್ಗೆ. ಹೊರನಾಡಿನಲ್ಲಿ ಮಗು ಬೆಳೆಸುವವರಿಗೆ ಈತ ಮಾಡಿದ ಉಪಕಾರ ದೊಡ್ಡದು ಎಂದು ನಾನು ನಂಬಿದ್ದೇನೆ.

ಬ್ರಮ್ ನಮ್ಮ ಈ ಕ್ವೀನ್ಸ್‌ಲ್ಯಾಂಡ್ ರಾಜ್ಯದವರೇ. ಇಲ್ಲಿಯೇ ಅನಿಮೇಷನ್ ಕಲಿತು, ಲಂಡನ್ನಿಗೆ ಹೋಗಿ ಹಲವು ವರ್ಷ ಮಕ್ಕಳ ಕಾರ್ಟೂನ್‌ಗಳಿಗೆ ಕೆಲಸ ಮಾಡಿ, ಮತ್ತೆ ಬ್ರಿಸ್ಬೇನಿಗೆ ಮರಳಿದರು. ಇಬ್ಬರು ಹೆಣ್ಣುಮಕ್ಕಳ ತಂದೆ. ಮಗಳು ಶಾಲೆಗೆ ಸೇರಿದ ಮೊದಲ ವರ್ಷದಲ್ಲಿ ಅವಳ ಆಟವೆಲ್ಲ ಏಕಾಏಕಿ ನಿಂತುಹೋಗಿ, ಮಗು ಕಷ್ಟಪಟ್ಟಿದ್ದನ್ನು ಕಂಡು ಅವರು ಆಟ ಎಂದರೇನು, ಅದು ಮಗುವಿಗೆ ಏನು ಕೊಡುತ್ತದೆ ಎಂದು ಓದಲು ಕುಳಿತರಂತೆ. ಬ್ಲೂಯಿ ಬಂದದ್ದು ಆ ಕಳವಳದಿಂದ. ಆದ್ದರಿಂದಲೇ ಅದರಲ್ಲಿ ಅಕ್ಷರ, ಅಂಕಿ ಕಲಿಸುವ ಪಾಠವಿಲ್ಲ. ಮಕ್ಕಳು ಆಡುತ್ತಾರೆ, ಜಗಳವಾಡುತ್ತಾರೆ, ಆಟದ ನಿಯಮ ಬದಲಿಸಿಕೊಂಡು ಮತ್ತೆ ಆಡುತ್ತಾರೆ. ಇಲ್ಲಿಯವರೆಗಿನ ಮೂರು ಸರಣಿಗಳ 154 ಕಂತುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಬರೆದವರು ಬ್ರಮ್ ಅವರೇ. ಮಕ್ಕಳ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ಬರಹಗಾರರ ಗುಂಪು ಹಂಚಿಕೊಂಡು ಬರೆಯುತ್ತದೆ. ಇಲ್ಲಿ ಒಬ್ಬನ ಮನೆಯ ವಾಸನೆ ಕೊನೆಯವರೆಗೂ ಉಳಿದಿದೆ.

ಮನೆ ಎಂದಾಗ ನೆನಪಾಯಿತು. ಬ್ಲೂಯಿಯ ಮನೆ ನಮ್ಮ ಬೀದಿಯಲ್ಲೂ ಇದೆ. ಕಂಬಗಳ ಮೇಲೆ ನಿಲ್ಲಿಸಿದ ಮರದ ಮನೆ, ಸುತ್ತ ಅಗಲವಾದ ಜಗಲಿ, ಮೇಲೆ ತಗಡಿನ ಮಾಡು. ಇಲ್ಲಿನ ಸೆಕೆಗೂ ಮಳೆಗೂ ಹೇಳಿ ಮಾಡಿಸಿದ ಈ ಮನೆಗಳಿಗೆ ಕ್ವೀನ್ಸ್‌ಲ್ಯಾಂಡರ್ ಎಂದೇ ಹೆಸರು. ಕಸದ ಡಬ್ಬಿಗೆ ಮುತ್ತುವ ಐಬಿಸ್ ಹಕ್ಕಿ, ಸಂಜೆ ಸಾಲುಗಟ್ಟಿ ಹಾರುವ ದೊಡ್ಡ ಬಾವಲಿಗಳು, ನದಿಯ ಸೇತುವೆ ಎಲ್ಲವೂ ಕಾರ್ಟೂನಿನಲ್ಲಿ ಇದ್ದ ಹಾಗೆಯೇ ಇವೆ. ವಲಸೆ ಬಂದವರ ಮಗುವಿಗೆ ತಾನು ಹುಟ್ಟಿದ ಊರು ಪರದೆಯ ಮೇಲೆ ಕಾಣುವುದು ಸಣ್ಣ ಮಾತಲ್ಲ. 'ಅಮ್ಮಾ, ನಮ್ಮೂರು!' ಎಂದು ನನ್ನ ಮಗಳು ಕೂಗಿದಾಗಲೆಲ್ಲ ನನಗೂ ಈ ಊರು ಸ್ವಲ್ಪ ಹೆಚ್ಚು ನಮ್ಮದಾಗುತ್ತಿತ್ತು.

ರಂಗರೂಪ ಮೊದಲು ಪ್ರದರ್ಶನಗೊಂಡಿದ್ದು 2020ರ ಡಿಸೆಂಬರಿನಲ್ಲಿ, ಬ್ರಿಸ್ಬೇನ್ ನದಿಯ ದಂಡೆಯ ಸೌತ್ ಬ್ಯಾಂಕಿನಲ್ಲಿರುವ ಕ್ವೀನ್ಸ್‌ಲ್ಯಾಂಡ್ ಪರ್ಫಾರ್ಮಿಂಗ್ ಆರ್ಟ್ಸ್ ಸೆಂಟರ್‌ನಲ್ಲಿ. ಆ ಹೊತ್ತನ್ನು ನೆನೆಸಿಕೊಳ್ಳಿ. ಮಾರ್ಚ್‌ನಿಂದಲೇ ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು. ಬಾಣಂತನಕ್ಕೆ ಬರಬೇಕಿದ್ದ ಅಮ್ಮಂದಿರು ಬರಲಾಗಲಿಲ್ಲ, ಮೊಮ್ಮಕ್ಕಳನ್ನು ಆಡಿಸಲು ಅಜ್ಜ-ಅಜ್ಜಿಯರಿಲ್ಲ. ಊರಿನಲ್ಲಾದರೆ ಮಗು ಪಕ್ಕದ ಮನೆಗೆ ಓಡುತ್ತದೆ, ಚಿಕ್ಕಪ್ಪನ ಹೆಗಲೇರುತ್ತದೆ, ಸೋದರತ್ತೆಯ ಮಕ್ಕಳೊಡನೆ ಜಗಳ ಕಾಯುತ್ತದೆ. ಇಲ್ಲಿ ಆ ಎಲ್ಲ ಪಾತ್ರಗಳನ್ನೂ ತಂದೆ-ತಾಯಿ ಇಬ್ಬರೇ ಹೊರಬೇಕು. ಕಚೇರಿಯ ಕೆಲಸವೂ ಮನೆಯೊಳಕ್ಕೇ ಬಂದು ಕುಳಿತಿದ್ದ ಆ ವರ್ಷ ನಮ್ಮ ಪರಿಚಯದ ಕನ್ನಡದ ಮನೆಗಳಲ್ಲೆಲ್ಲ ದಣಿವು ತುಂಬಿಕೊಂಡಿತ್ತು. ಅಂಥ ದಿನಗಳಲ್ಲಿ ನಾವು ಮೂವರು ಹೋಗಿ ಈ ಪ್ರದರ್ಶನ ನೋಡಿದೆವು.

ಕಥೆ ಇಷ್ಟೇ. ಭಾನುವಾರದ ಮಧ್ಯಾಹ್ನ. ಬ್ಯಾಂಡಿಟ್‌ಗೆ ಬೀನ್‌ಬ್ಯಾಗಿನಲ್ಲಿ ಒರಗಿ, ಮೊಬೈಲ್ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿರುವ ಆಸೆ. ಬ್ಲೂಯಿ ಮತ್ತು ಬಿಂಗೊಗೆ ಅಪ್ಪ ಆಟಕ್ಕೆ ಬೇಕು. ತಮಗೆ ಗೊತ್ತಿರುವ ಆಟಗಳನ್ನೆಲ್ಲ ಹೂಡಿ, ಉಪಾಯಗಳನ್ನೆಲ್ಲ ಬಳಸಿ ಅವರು ಅಪ್ಪನನ್ನು ಎಬ್ಬಿಸಲು ಹೊರಡುತ್ತಾರೆ. ಟಿವಿಯ ಕಂತುಗಳನ್ನೇ ಪೋಣಿಸಿ ರಂಗಕ್ಕೆ ತಂದಿದ್ದರೂ ಟಿಕೆಟ್ ಖರ್ಚಾಗುತ್ತಿತ್ತು. ಬ್ರಮ್ ಹಾಗೆ ಮಾಡದೆ ರಂಗಕ್ಕೆಂದೇ ಹೊಸ ಕಥೆ ಬರೆದರು. ಸರಣಿಯ ಸಂಗೀತಗಾರ ಜೋಫ್ ಬುಷ್ ಹೊಸ ಸಂಗೀತ ಕೊಟ್ಟರು. ನಿರ್ದೇಶಿಸಿದ್ದು ರೋಸ್‌ಮೇರಿ ಮೈಯರ್ಸ್. ಅಡಿಲೇಡಿನಲ್ಲಿ ಮಕ್ಕಳ ರಂಗಭೂಮಿಯನ್ನೇ ಕಸುಬಾಗಿಸಿಕೊಂಡ ವಿಂಡ್‌ಮಿಲ್ ತಂಡ ಅವರ ಜೊತೆಗಿತ್ತು.

ಮಕ್ಕಳ ಟಿವಿ ಪಾತ್ರಗಳು ವೇದಿಕೆಗೆ ಬಂದಾಗ ಸಾಮಾನ್ಯವಾಗಿ ಒಬ್ಬರು ಮೈತುಂಬ ಸ್ಪಂಜಿನ ವೇಷ ತೊಟ್ಟು ಕೈ ಬೀಸುತ್ತಾರೆ. ಇಲ್ಲಿ ಗೊಂಬೆಗಳನ್ನು ಬಳಸಿದ್ದಾರೆ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವರು ಪರದೆಯ ಮರೆಯಲ್ಲಿರುತ್ತಾರಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ಗೊಂಬೆಯನ್ನು ಹಿಡಿದವರು ನಮ್ಮ ಕಣ್ಣೆದುರೇ ನಡೆಯುತ್ತಾರೆ, ಬಗ್ಗುತ್ತಾರೆ, ಓಡುತ್ತಾರೆ. ಮಾತುಗಳು ಮೊದಲೇ ಧ್ವನಿಮುದ್ರಿಸಿಟ್ಟವು, ಟಿವಿಯ ಅವೇ ದನಿಗಳು. ಬ್ಯಾಂಡಿಟ್‌ಗೆ ದನಿ ಕೊಟ್ಟ ಡೇವ್ ಮೆಕಾರ್ಮಾಕ್ ಬ್ರಿಸ್ಬೇನಿನ ರಾಕ್ ತಂಡವೊಂದರ ಹಾಡುಗಾರ. ಮಕ್ಕಳ ದನಿ ಯಾರದ್ದೆಂದು ಮಾತ್ರ ತಯಾರಕರು ಹೇಳುವುದಿಲ್ಲ. ಅವರೆಲ್ಲ ನಿಜವಾದ ಮಕ್ಕಳು, ಅವರ ಬಾಲ್ಯಕ್ಕೆ ತೊಂದರೆಯಾಗಬಾರದು ಎಂಬ ಕಾಳಜಿ. ಈ ಒಂದು ನಿರ್ಧಾರಕ್ಕೇ ನಾನು ಕೈ ಮುಗಿಯುತ್ತೇನೆ.

ಆಡಿಸುವವರ ಮುಖವನ್ನೇ ನೋಡುತ್ತ ನಾನು ಕುಳಿತೆ. ಬಿಂಗೊಗೆ ಬೇಸರವಾದಾಗ ಅವಳ ಕಿವಿ ಚೂರೇ ಚೂರು ಬಾಗಿತು. ಆ ಗೊಂಬೆ ಹಿಡಿದವರ ಹೆಗಲೂ ಅದೇ ಕ್ಷಣಕ್ಕೆ ಇಳಿಯಿತು. ಮಗಳಿಗೆ ಅವರು ಕಾಣುತ್ತಲೇ ಇರಲಿಲ್ಲ. ಮನೆಯಲ್ಲಿ ದಿಂಬನ್ನು ದೋಣಿ ಮಾಡಿಕೊಳ್ಳುವಾಗ ಅವಳಿಗೆ ದಿಂಬು ಕಾಣುವುದಿಲ್ಲವಲ್ಲ, ಇದೂ ಹಾಗೆಯೇ. ಆಟದ ಬಗ್ಗೆ ಬ್ರಮ್ ಬರೆದದ್ದೆಲ್ಲವನ್ನೂ ಈ ಗೊಂಬೆಗಳು ಮಾತಿಲ್ಲದೆ ತೋರಿಸಿಕೊಟ್ಟವು. ವೇಷದೊಳಗೆ ಮನುಷ್ಯನನ್ನು ಅಡಗಿಸಿದ್ದರೆ ಮಗಳು ಬರೀ ನೋಡುವವಳಾಗಿ ಉಳಿಯುತ್ತಿದ್ದಳು. ಇಲ್ಲಿ ಅವಳೂ ಕಲ್ಪಿಸಿಕೊಳ್ಳಬೇಕಾಯಿತು.

ಒಂದು ಗಂಟೆಯೊಳಗೆ, ಮಧ್ಯಂತರವಿಲ್ಲದೆ ಎಲ್ಲ ಮುಗಿಯುತ್ತದೆ. ನಾಲ್ಕು ವರ್ಷದ ಮಗುವಿನ ತಾಳ್ಮೆ ಬಲ್ಲವರ ಲೆಕ್ಕಾಚಾರ ಅದು. ಕೊನೆಯಲ್ಲಿ ದೊಡ್ಡ ದೊಡ್ಡ ಬಲೂನುಗಳು ಸಭೆಯ ಮೇಲೆ ಬಂದವು. ಕೀಪಿ ಅಪಿ ಎಂಬ ಅವರ ಪ್ರಸಿದ್ಧ ಆಟದಲ್ಲಿ ಬಲೂನು ನೆಲಕ್ಕೆ ತಾಗಬಾರದು. ಸಾಲು ಸಾಲಾಗಿ ಅಪ್ಪಂದಿರು ಎದ್ದರು. ನನ್ನ ಗಂಡನೂ ಎದ್ದರು, ಹಿಂದಿನ ಸಾಲಿನ ಅಪರಿಚಿತರೊಬ್ಬರಿಗೆ ಬಲೂನು ತಳ್ಳಿ, ಅವರು ವಾಪಸು ತಳ್ಳಿದ್ದಕ್ಕೆ ಮಗಳನ್ನು ಎತ್ತಿ ಹಿಡಿದರು. ಅಷ್ಟು ತಿಂಗಳಲ್ಲಿ ಅವರ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

ಮುಂದೆ ಈ ಪ್ರದರ್ಶನ ಸಿಡ್ನಿಯ ಆಪೆರಾ ಹೌಸ್‌ಗೆ, 2022ರಲ್ಲಿ ನ್ಯೂಯಾರ್ಕ್‌ಗೆ, ಆಮೇಲೆ ಲಂಡನ್ನಿಗೆ ಹೋಯಿತು.

ಗಡಿ ತೆರೆದ ಮೇಲೆ ನಮ್ಮ ಅತ್ತೆಯವರು ಬಂದರು. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಮೊಮ್ಮಗಳ ಪಕ್ಕ ಕುಳಿತು ಬ್ಲೂಯಿ ನೋಡಿದರು. ಬ್ಯಾಂಡಿಟ್ ಬಟ್ಟೆ ಮಡಚುವುದನ್ನು ಕಂಡು, 'ಇವನ ಅಮ್ಮ ಚೆನ್ನಾಗಿ ಬೆಳೆಸಿದ್ದಾಳೆ' ಎಂದರು. ಮರುದಿನ ಮಗ ಸೋಫಾದಲ್ಲಿ ಒರಗಿದ್ದಾಗ, 'ಏಳಪ್ಪ, ಮಗು ಕರೆಯುತ್ತಿದೆ' ಎಂದು ಅವರೇ ಎಬ್ಬಿಸಿದರು. ತಮ್ಮ ಕಾಲದಲ್ಲಿ ಗಂಡಸರಿಗೆ ಯಾರೂ ಈ ಮಾತು ಹೇಳಲಿಲ್ಲ ಎಂದೂ ನನ್ನೊಡನೆ ಹೇಳಿದರು.

2024ರ ಡಿಸೆಂಬರಿನಲ್ಲಿ ಬ್ರಮ್ ಸರಣಿಯ ಬರವಣಿಗೆಯಿಂದ ಹಿಂದೆ ಸರಿಯುವುದಾಗಿ ತಿಳಿಸಿದರು. ಬ್ಲೂಯಿಯ ಪೂರ್ಣಪ್ರಮಾಣದ ಚಲನಚಿತ್ರವನ್ನು ಅವರೇ ಬರೆದು ನಿರ್ದೇಶಿಸುತ್ತಿದ್ದಾರೆ, 2027ಕ್ಕೆ ತೆರೆಗೆ ಬರಲಿದೆ ಎಂದು ಘೋಷಣೆಯಾಗಿದೆ. ಬೇರೆಯವರು ಬರೆದ ಬ್ಲೂಯಿ ಹೇಗಿರುತ್ತದೋ ಎಂಬ ಆತಂಕ ನನಗಿದೆ, ಏಕೆಂದರೆ ಅಲ್ಲಿನ ಒಂದೊಂದು ಆಟವೂ ಅವರ ಮನೆಯಲ್ಲಿ ನಡೆದಂತೆ ತೋರುತ್ತಿತ್ತು. ಚಿತ್ರಕ್ಕಂತೂ ಮೊದಲ ವಾರವೇ ಹೋಗುತ್ತೇವೆ. ಅತ್ತೆಯವರು ಆಗ ಇಲ್ಲಿದ್ದರೆ ಅವರಿಗೂ ಒಂದು ಟಿಕೆಟ್ ತೆಗೆಯಬೇಕೆಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ.