ಜಂತುಹುಳದ ಔಷಧಿ ಕುದುರೆಗೆ ಒಗ್ಗದಿದ್ದಾಗ

ಕೊಡಗಿನಲ್ಲಿ ಕುದುರೆ ಸಾಕುವವರು ಕಡಿಮೆ. ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ತಟ್ಟುಗಳು, ಹೋಂಸ್ಟೇಗಳಲ್ಲಿ ಒಂದೆರಡು, ಅಲ್ಲೊಂದು ಇಲ್ಲೊಂದು ತೋಟದ ಮನೆಯಲ್ಲಿ ಸವಾರಿ ಕುದುರೆ. ಹಾಗಾಗಿ ಕುಶಾಲನಗರವಾಗಲಿ ಗೋಣಿಕೊಪ್ಪವಾಗಲಿ, ಪಶು ಔಷಧಿ ಅಂಗಡಿಯಲ್ಲಿ ಜಂತುಹುಳಕ್ಕೆ ಏನಾದರೂ ಕೊಡಿ ಎಂದರೆ ಕೈಗೆ ಬರುವುದು ಬಹುಪಾಲು ದನ, ಆಡು, ಹಂದಿಗೆಂದು ತಯಾರಾದದ್ದು. ಕುದುರೆಯ ಪೇಸ್ಟ್ ಬೇಕಾದರೆ ಮೈಸೂರು, ಬೆಂಗಳೂರಿನಿಂದ ತರಿಸಬೇಕಾಗುತ್ತದೆ. ತೊಂದರೆಗಳಲ್ಲಿ ಅರ್ಧದಷ್ಟು ಇಲ್ಲಿಯೇ ಶುರುವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಔಷಧಿ ಕೊಟ್ಟ ಮೇಲೆ ಏನೇ ಆದರೂ ‘ಒಗ್ಗಲಿಲ್ಲ’ ಎಂದುಬಿಡುತ್ತೇವೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಔಷಧಿಯೇ ವಿಷವಾಗುವುದು ಅಪರೂಪ. ಒಂದೋ ಸತ್ತ ಹುಳುಗಳು ತೊಂದರೆ ಕೊಟ್ಟಿರುತ್ತವೆ, ಇಲ್ಲವೇ ತೂಕದ ಅಂದಾಜು ತಪ್ಪಿರುತ್ತದೆ, ಇಲ್ಲವೇ ಕುದುರೆಗೆ ಕೊಡಬಾರದ್ದನ್ನು ಕೊಟ್ಟಿರುತ್ತೇವೆ. ಯಾವುದು ಎಂದು ಗುರುತಿಸದೆ ಬ್ರ್ಯಾಂಡ್ ಬದಲಿಸಿದರೆ ಮುಂದಿನ ಸಲವೂ ಅದೇ ಗತಿ.

ಮೊದಲು ಚುಚ್ಚುಮದ್ದಿನ ವಿಷಯ. ಹಂದಿ ಸಾಕುವ ಮನೆಗಳಲ್ಲಿ ಕಜ್ಜಿಗೆಂದು ಶೇಕಡಾ 1ರ ಐವರ್ಮೆಕ್ಟಿನ್ (ಜಂತುಹುಳಕ್ಕೂ ಕೊಡುವ ಔಷಧಿ) ಬಾಟಲಿ ಇದ್ದೇ ಇರುತ್ತದೆ. ದನಕ್ಕೆ ಅದರ ಪ್ರಮಾಣ 50 ಕೆ.ಜಿ.ಗೆ 1 ಮಿ.ಲೀ., ಹಂದಿಗೆ 33 ಕೆ.ಜಿ.ಗೆ 1 ಮಿ.ಲೀ. ಅದನ್ನೇ ಕುದುರೆಗೂ ಚುಚ್ಚುವ ರೂಢಿ ಬೇಡ. 1980ರ ದಶಕದ ಆರಂಭದಲ್ಲಿ ಕುದುರೆಗೆಂದೇ ಐವರ್ಮೆಕ್ಟಿನ್ ಚುಚ್ಚುಮದ್ದು ಬಂದಿತ್ತು. ಚುಚ್ಚಿದ ಜಾಗದಲ್ಲಿ ಬಾವು, ಕೆಲವು ಕುದುರೆಗಳಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದಿಂದ ಸ್ನಾಯು ಕೊಳೆತು ಸಾವು ಕೂಡ ಆದದ್ದರಿಂದ ಅದನ್ನು ಹಿಂತೆಗೆದುಕೊಂಡರು, ಬಾಯಿಯ ಮೂಲಕ ಕೊಡುವ ರೂಪ ಉಳಿಯಿತು. ಯಾರಾದರೂ ಈಗಾಗಲೇ ಚುಚ್ಚಿದ್ದರೆ ಮೂರು ದಿನ ಆ ಜಾಗವನ್ನು ಮುಟ್ಟಿ ನೋಡುತ್ತಿರಿ. ಊತ ಬಿಸಿಯಾಗಿ ಹರಡುತ್ತಿದ್ದರೆ, ಒತ್ತಿದಾಗ ಚರ್ಮದಡಿ ಗಾಳಿಗುಳ್ಳೆಗಳು ಚಟಚಟ ಎಂದಂತಾದರೆ ಬೆಳಗಿನವರೆಗೆ ಕಾಯುವಂತಿಲ್ಲ, ಆಗಲೇ ವೈದ್ಯರು ಬೇಕು.

ಎರಡನೆಯದು ಮಿಶ್ರ ದ್ರಾವಣಗಳು. ಆಡು, ದನಕ್ಕೆ ಕೊಡುವ ಬಾಟಲಿಗಳಲ್ಲಿ ಆಕ್ಸಿಕ್ಲೋಜನೈಡ್ ಜೊತೆ ಲೆವಮಿಸೋಲ್ ಸೇರಿರುವುದು ತೀರಾ ಸಾಮಾನ್ಯ. ಲೆವಮಿಸೋಲ್‌ಗೆ ಕುದುರೆಯಲ್ಲಿ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ತೀರಾ ಕಡಿಮೆ: ಬೆವರು, ನಡುಕ, ಬೆದರಿ ಬೀಳುವುದು, ಹೊಟ್ಟೆಶೂಲೆ. ಇಂಥ ಕೆಲವು ಬಾಟಲಿಗಳಲ್ಲಿರುವ ಕ್ಲೋಸಾಂಟೆಲ್ ಅಂಶ ಹೆಚ್ಚಾದರೆ ಆಡು ಕುರಿಗಳೇ ಕುರುಡಾಗುತ್ತವೆ, ಕುದುರೆಯ ಹತ್ತಿರವೂ ಅದು ಬೇಡ. ಬಾಟಲಿಯ ಮೇಲೆ ದೊಡ್ಡದಾಗಿ ಇರುವುದು ಬ್ರ್ಯಾಂಡ್ ಹೆಸರು. ಸಣ್ಣ ಅಕ್ಷರದಲ್ಲಿ ಬರೆದ ಅಂಶಗಳನ್ನು ಓದಿಯೇ ದುಡ್ಡು ಕೊಡಿ.

ಸರಿಯಾದ ಔಷಧಿ ಕೊಟ್ಟರೂ ಕಾಣುವ ತೊಂದರೆಗಳಿವೆ. ಐವರ್ಮೆಕ್ಟಿನ್ ಪೇಸ್ಟ್ ಕೊಟ್ಟು ಒಂದೆರಡು ದಿನದೊಳಗೆ ಹೊಟ್ಟೆಯಡಿ ಉದ್ದಕ್ಕೂ ಮೆತ್ತಗಿನ ಬಾವು, ತುರಿಕೆ ಬಂದರೆ ಹೆಚ್ಚಾಗಿ ಅದು ಆಂಕೊಸರ್ಕ ಹುಳುವಿನ ಮರಿಗಳು ಚರ್ಮದಡಿ ಸತ್ತ ಪರಿಣಾಮ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಕುದುರೆ ಮೇವು ತಿನ್ನುತ್ತಿರುತ್ತದೆ. ಹೆಚ್ಚಿನವು ವಾರ ಹತ್ತು ದಿನದಲ್ಲಿ ಇಳಿಯುತ್ತವೆ. ತುರಿಕೆ ಜೋರಾಗಿದ್ದರೆ ವೈದ್ಯರು ಔಷಧಿ ಕೊಡುತ್ತಾರೆ. ಇದಕ್ಕೆ ಹೆದರಿ ಐವರ್ಮೆಕ್ಟಿನ್ ಅನ್ನೇ ಬಿಡಬೇಕಿಲ್ಲ. ಮುಖ, ತುಟಿ ಊದಿ ಮೈತುಂಬ ದದ್ದು ಎದ್ದು, ಉಸಿರಾಟ ಕಷ್ಟವಾದರೆ ಅದು ಬೇರೆ, ನಿಜವಾದ ಅಲರ್ಜಿ. ಕೊಟ್ಟ ಗಂಟೆಯೊಳಗೇ ಕಾಣಿಸಬಹುದು.

ಕುದುರೆ ಮರಿಗಳಲ್ಲಿ ವಿಷಯ ಗಂಭೀರ. ಪ್ಯಾರಾಸ್ಕಾರಿಸ್ ಎಂಬ ದುಂಡುಹುಳು ಒಂದು ಗೇಣು ಮೀರಿ ಬೆಳೆಯುತ್ತದೆ, ಸಣ್ಣ ಕರುಳಿನಲ್ಲಿ ಗಂಟುಗಂಟಾಗಿ ತುಂಬಿರುತ್ತದೆ. ಪೈರಾಂಟೆಲ್, ಐವರ್ಮೆಕ್ಟಿನ್ ಎರಡೂ ಔಷಧಿಗಳು ಹುಳುವಿಗೆ ಪಾರ್ಶ್ವವಾಯು ಬಡಿಸುವಂಥವು. ಹುಳುಗಳೆಲ್ಲ ಒಟ್ಟಿಗೆ ಸಡಿಲವಾಗಿ ಒಂದೇ ಕಡೆ ಬಿದ್ದರೆ ಕರುಳು ಕಟ್ಟಿಕೊಳ್ಳುತ್ತದೆ. ಒಂದೆರಡು ದಿನದೊಳಗೆ ಮರಿ ಹೊಟ್ಟೆ ನೋಡಿಕೊಳ್ಳುವುದು, ಉರುಳುವುದು, ಬೆವರುವುದು ಶುರುಮಾಡಿದರೆ ಬಹಳ ಸಲ ಶಸ್ತ್ರಚಿಕಿತ್ಸೆಯೇ ದಾರಿ, ಅದೂ ಮಾಡಿಸಲು ಮಡಿಕೇರಿಯಿಂದ ಗಂಟೆಗಟ್ಟಲೆ ಪ್ರಯಾಣ. ಹೊಟ್ಟೆ ಉಬ್ಬಿ, ಕೂದಲು ಕೆದರಿ, ಸೊರಗಿದ ಆರು ತಿಂಗಳ ಮರಿಗೆ ‘ಸ್ಟ್ರಾಂಗ್’ ಔಷಧಿ ಕೊಡಿ ಎನ್ನುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅಂಥ ಮರಿಗೆ ಫೆನ್‌ಬೆಂಡಜೋಲ್ ಎಂಬ ಔಷಧಿ ಮೊದಲ ಆಯ್ಕೆ. ಅದು ಹುಳುವನ್ನು ನಿಧಾನವಾಗಿ ಹಸಿವಿನಿಂದ ಕೊಲ್ಲುವುದರಿಂದ ಹುಳುಗಳು ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತವೆ. ಅದರ ಮೇಲೆ, ಈ ದುಂಡುಹುಳು ಅನೇಕ ದೇಶಗಳಲ್ಲಿ ಐವರ್ಮೆಕ್ಟಿನ್‌ಗೆ ಬಗ್ಗದಂತಾಗಿದೆ. ಮೊದಲ ಡೋಸು ಎರಡರಿಂದ ಮೂರು ತಿಂಗಳ ವಯಸ್ಸಿಗೆ ಬಿದ್ದರೆ ಹೊಟ್ಟೆಯಲ್ಲಿ ಹೊರೆ ಕಟ್ಟುವ ಮೊದಲೇ ಕೆಲಸ ಮುಗಿಯುತ್ತದೆ.

ಇನ್ನೊಂದು, ಮಾಕ್ಸಿಡೆಕ್ಟಿನ್ ಜೆಲ್. ಪರಿಣಾಮ ದೀರ್ಘ, ಕರುಳಿನ ಗೋಡೆಯಲ್ಲಿ ಅವಿತ ಸಣ್ಣ ಸ್ಟ್ರಾಂಗೈಲ್ ಎಂಬ ಹುಳುವಿನ ಮರಿಗಳಿಗೂ ತಟ್ಟುತ್ತದೆ. ಆದರೆ ಇದು ಮೈಯ ಕೊಬ್ಬಿನಲ್ಲಿ ಶೇಖರವಾಗುವ ಔಷಧಿ. ಮೈಯಲ್ಲಿ ಕೊಬ್ಬೇ ಇಲ್ಲದ ಬಡಕಲು ಕುದುರೆ, ಎಳೆಯ ಮರಿಗಳಲ್ಲಿ ರಕ್ತದಲ್ಲಿ ಹೆಚ್ಚು ಉಳಿದು ಮಿದುಳಿಗೆ ಹೋಗುತ್ತದೆ: ತೂರಾಟ, ತುಟಿ ಜೋತುಬೀಳುವುದು, ಮಲಗಿದಲ್ಲಿಂದ ಏಳದಿರುವುದು. ಆರು ತಿಂಗಳೊಳಗಿನ ಮರಿಗೂ ಸೊರಗಿದ ಕುದುರೆಗೂ ಇದು ಬೇಡವೇ ಬೇಡ.

ಐವರ್ಮೆಕ್ಟಿನ್‌ಗೆ ಕುದುರೆಯಲ್ಲಿ ಸುರಕ್ಷತೆಯ ಅಂತರ ದೊಡ್ಡದು. ಆದರೂ ಅಮೆರಿಕದಲ್ಲಿ ಬದನೆ ಜಾತಿಯ ಕಾಡುಗಿಡ ತಿಂದಿದ್ದ ಕುದುರೆಗಳು ಮಾಮೂಲಿ ಡೋಸಿಗೇ ತೂರಾಡಿದ ದಾಖಲೆ ಇದೆ. ನಮ್ಮ ಬೇಲಿ, ಕಾಡಂಚಿನಲ್ಲಿ ಸುಂಡೆ ಜಾತಿಯ ಗಿಡಗಳಿಗೆ ಬರವಿಲ್ಲ. ಔಷಧಿ ಕೊಡುವ ಆಸುಪಾಸಿನ ದಿನಗಳಲ್ಲಿ ಕುದುರೆಯನ್ನು ಹುಲ್ಲಿಲ್ಲದ ಅಂಥ ಜಾಗಕ್ಕೆ ಹಸಿದ ಹೊಟ್ಟೆಯಲ್ಲಿ ಬಿಡಬೇಡಿ.

ಈಗ ತೂಕ. ಕಣ್ಣಂದಾಜು ನೆಚ್ಚಬೇಡಿ, ಟೇಪು ಹಿಡಿಯಿರಿ. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಸಿಗುತ್ತದೆ. ಸುತ್ತಳತೆ 150, ಉದ್ದ 135 ಇರುವ ತಟ್ಟು ಸುಮಾರು 256 ಕೆ.ಜಿ. ಇದು ಬೆಳೆದ ಕುದುರೆಯ ಲೆಕ್ಕ, ಮರಿಯನ್ನು ತೂಕದ ಯಂತ್ರದ ಮೇಲೇ ನಿಲ್ಲಿಸಿ. ಐವರ್ಮೆಕ್ಟಿನ್ ಪ್ರಮಾಣ ಕೆ.ಜಿ.ಗೆ 0.2 ಮಿ.ಗ್ರಾಂ, ಅಂದರೆ ಈ ತಟ್ಟುವಿಗೆ 51 ಮಿ.ಗ್ರಾಂ. ಶೇಕಡಾ 1.87ರ ಪೇಸ್ಟಿನಲ್ಲಿ ಅದು 2.7 ಗ್ರಾಂ ಚಿಲ್ಲರೆ. 6.08 ಗ್ರಾಂನ ಟ್ಯೂಬು ಸುಮಾರು 567 ಕೆ.ಜಿ. ತೂಗುವ ಕುದುರೆಗೆ ಸಾಕಾಗುವಷ್ಟು, ಪೂರ್ತಿ ಒತ್ತಿದರೆ ತಟ್ಟುವಿಗೆ ಎರಡು ಪಟ್ಟು ಮೀರುತ್ತದೆ. ಫೆನ್‌ಬೆಂಡಜೋಲ್ ಕೆ.ಜಿ.ಗೆ 5 ಮಿ.ಗ್ರಾಂ: ಈ ತಟ್ಟುವಿಗೆ ಶೇಕಡಾ 10ರ ದ್ರಾವಣದಲ್ಲಿ ಹತ್ತಿರಹತ್ತಿರ 13 ಮಿ.ಲೀ. ದುಂಡುಹುಳು ಹೆಚ್ಚಿರುವ ಮರಿಗೆ ವೈದ್ಯರು ಪ್ರಮಾಣ ಏರಿಸುವುದುಂಟು. ಕಡಿಮೆ ಕೊಟ್ಟರೂ ಕೇಡೇ, ಉಳಿದ ಹುಳುಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ.

ಟ್ಯೂಬಿನ ದಂಡದ ಮೇಲಿನ ಉಂಗುರವನ್ನು ಗುರುತಿಗೆ ತಂದು ತಿರುಗಿಸಿ ಬಿಗಿಮಾಡಿ. ಸಡಿಲವಿದ್ದರೆ ಇಡೀ ಟ್ಯೂಬು ಒಳಗೆ ಹೋಗುತ್ತದೆ. ಕುದುರೆಯ ಬಾಯಲ್ಲಿ ಹುಲ್ಲಿನ ಉಂಡೆ ಇರಬಾರದು, ಇದ್ದರೆ ಪೇಸ್ಟ್ ಅದರೊಂದಿಗೇ ಆಚೆ ಬೀಳುತ್ತದೆ. ದವಡೆಯಲ್ಲಿ ಹಲ್ಲಿಲ್ಲದ ಸಂದಿನಿಂದ ತೂರಿಸಿ ನಾಲಗೆಯ ಹಿಂಭಾಗಕ್ಕೆ ಹಾಕಿ, ನುಂಗುವ ತನಕ ತಲೆ ಸ್ವಲ್ಪ ಎತ್ತಿ ಹಿಡಿಯಿರಿ. ದನಕ್ಕೆ ಗೊಟ್ಟದಲ್ಲಿ ಎರೆದಂತೆ ಕುದುರೆಗೆ ಎರೆಯಬೇಡಿ. ದ್ರಾವಣ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಸೂಜಿ ತೆಗೆದ ದೊಡ್ಡ ಸಿರಿಂಜಿನಲ್ಲಿ ಸ್ವಲ್ಪಸ್ವಲ್ಪ ಕೊಡಿ.

ಸುರಕ್ಷಿತವಾದದ್ದು ಯಾವುದು ಎಂದು ಕೇಳುವವರಲ್ಲಿ ಅನೇಕರ ಮನಸ್ಸಿನಲ್ಲಿ ಇರುವುದು ಬೇವು, ಬೆಳ್ಳುಳ್ಳಿ. ಇವು ಕುದುರೆಯ ಹುಳುವನ್ನು ನಂಬುವಷ್ಟು ಕೊಲ್ಲುವುದಿಲ್ಲ. ಬೆಳ್ಳುಳ್ಳಿಯನ್ನು ದಿನವೂ ಹೆಚ್ಚಾಗಿ ತಿನ್ನಿಸಿದರೆ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ನಿಜವಾಗಿ ಸುರಕ್ಷಿತ ದಾರಿ ಎಂದರೆ ಲದ್ದಿ ಪರೀಕ್ಷೆ ಮಾಡಿಸಿ ಬೇಕಾದ ಕುದುರೆಗೆ ಮಾತ್ರ ಔಷಧಿ ಕೊಡುವುದು. ಗುಂಪಿನಲ್ಲಿ ಕೆಲವೇ ಕುದುರೆಗಳು ಬಹುಪಾಲು ಮೊಟ್ಟೆ ಉದುರಿಸುತ್ತಿರುತ್ತವೆ. ಬಿಸಿ ಆರುವ ಮೊದಲು ಮೂರ್ನಾಲ್ಕು ಉಂಡೆ ಎತ್ತಿ, ಪ್ಲಾಸ್ಟಿಕ್ ಚೀಲದ ಗಾಳಿ ಹಿಂಡಿ ಕಟ್ಟಿ, ಫ್ರಿಜ್ಜಿನ ಕೆಳಖಾನೆಯಲ್ಲಿಟ್ಟು ಒಂದೆರಡು ದಿನದಲ್ಲಿ ತಲುಪಿಸಿ. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ವಿಚಾರಿಸಿ. ‘ಹುಳು ಇದೆ, ಇಲ್ಲ’ ಎಂಬ ವರದಿ ಸಾಲದು, ಗ್ರಾಂಗೆ ಎಷ್ಟು ಮೊಟ್ಟೆ ಎಂಬ ಮ್ಯಾಕ್‌ಮಾಸ್ಟರ್ ಲೆಕ್ಕ ಕೇಳಿ. ಬೆಳೆದ ಕುದುರೆಯಲ್ಲಿ 200ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸುಮ್ಮನಿರಬಹುದು, 500 ದಾಟಿದರೆ ಕೊಡಲೇಬೇಕು, ನಡುವಿನದು ವೈದ್ಯರ ವಿವೇಚನೆ. ಕೊಟ್ಟು 14 ದಿನಕ್ಕೆ ಮತ್ತೆ ಎಣಿಸಿದರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಫೆನ್‌ಬೆಂಡಜೋಲ್ ಕೊಟ್ಟಾಗ ಲೆಕ್ಕ ಶೇಕಡಾ 90ರಷ್ಟೂ ಇಳಿಯದಿದ್ದರೆ ನಿಮ್ಮ ಲಾಯದ ಸ್ಟ್ರಾಂಗೈಲ್‌ಗಳಿಗೆ ಆ ಔಷಧಿ ತಾಗುತ್ತಿಲ್ಲ ಎಂದೇ ಅರ್ಥ.

ಎರಡು ತಿಂಗಳಿಗೊಮ್ಮೆ ಎಂಬ ಕಣ್ಣುಮುಚ್ಚಿದ ಲೆಕ್ಕ ಬಿಡಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಹುಲ್ಲಿನ ಮೇಲೆ ಹುಳುಮರಿಗಳಿಗೆ ಸುಗ್ಗಿ, ಮಾರ್ಚ್ ಬಿಸಿಲಿಗೆ ಅವು ಒಣಗುತ್ತವೆ. ಮೇ ಕೊನೆಗೊಂದು, ಮುಂಗಾರು ಮುಗಿದ ಅಕ್ಟೋಬರ್‌ನಲ್ಲೊಂದು ಎಣಿಕೆ ಮಾಡಿಸಿದರೆ ವರ್ಷದ ಚಿತ್ರ ಸಿಗುತ್ತದೆ. ಮೇಯುವ ಜಾಗದ ಲದ್ದಿಯನ್ನು ವಾರಕ್ಕೆರಡು ಸಲ ಎತ್ತಿ. ಭತ್ತ ಕೊಯ್ದ ಗದ್ದೆಯಲ್ಲಿ ದನ ಮತ್ತು ಕುದುರೆಯನ್ನು ಸರದಿಯಂತೆ ಮೇಯಿಸಿದರೆ ಒಂದರ ಹುಳುವಿನ ಬಹುಪಾಲನ್ನು ಇನ್ನೊಂದು ತಿಂದು ಮುಗಿಸುತ್ತದೆ.

ತೊಂದರೆ ಕಂಡರೆ ಮೊದಲು ಮೇವು, ಹುರುಳಿ ನಿಲ್ಲಿಸಿ, ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ, ಪ್ರಮಾಣ, ಕೊಟ್ಟ ಗಂಟೆ ಬರೆದಿಡಿ. ದವಡೆಯಡಿಯ ನಾಡಿ ಎಣಿಸಿ: ಬೆಳೆದ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ, ವಿಶ್ರಾಂತಿಯಲ್ಲೂ 60 ದಾಟಿದರೆ ತುರ್ತು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಕುದುರೆಯಲ್ಲಿ ಪಳಗಿದ ವೈದ್ಯರೊಬ್ಬರ ನಂಬರು ಮೊದಲೇ ಇಟ್ಟುಕೊಂಡಿರಿ, ಮೈಸೂರಿನಲ್ಲಿ ರೇಸ್‌ಕೋರ್ಸ್ ಇರುವುದರಿಂದ ಆ ಕಡೆ ವಿಚಾರಿಸುವುದು ಸುಲಭ. ಐವರ್ಮೆಕ್ಟಿನ್‌ಗೂ ಮಾಕ್ಸಿಡೆಕ್ಟಿನ್‌ಗೂ ಪ್ರತಿವಿಷ ಇಲ್ಲ, ಆಸರೆಯ ಚಿಕಿತ್ಸೆಯೇ ಗತಿ. ಹಾಗಾಗಿ ಬೇಗ ಕರೆಯಿರಿ.

ಇನ್ನು ಮನೆಯ ನಾಯಿಗಳು. ನೆಲಕ್ಕೆ ಬಿದ್ದ ಪೇಸ್ಟ್ ನೆಕ್ಕಿದರೆ, ಔಷಧಿ ಕೊಟ್ಟ ಕುದುರೆಯ ಲದ್ದಿ ತಿಂದರೆ ಅವೂ ತೂರಾಡಬಹುದು. ಕುರಿ ಕಾಯುವ ‘ಕಾಲಿ’ (Collie) ತಳಿಯ ನಾಯಿಗಳಿಗಂತೂ ಸ್ವಲ್ಪವೇ ಸಾಕು. ಆ ವಾರದ ಲದ್ದಿಯನ್ನು ನಾಯಿ ಬಾಯಿಡದಂತೆ ಗುಂಡಿಗೆ ಹಾಕಿ ಮುಚ್ಚಿ, ಚೆನ್ನಾಗಿ ಕಾದು ಗೊಬ್ಬರವಾದ ಮೇಲೆಯೇ ಕಾಫಿ ಗಿಡದ ಬುಡಕ್ಕೆ ಹಾಕಿ.