ನಾಳೆ ತಿಂಡಿ ಏನು?

ಎಂಟು ವರ್ಷದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಾಗ ನಾವು ದತ್ತು ತೆಗೆದುಕೊಂಡೆವೆಂದೇ ಊರಿನವರೆಲ್ಲ ತಿಳಿದರು. ಇದು ದತ್ತು ಅಲ್ಲ, ಪೋಷಕತ್ವ. ಹೆತ್ತವರು ಸದ್ಯಕ್ಕೆ ನೋಡಿಕೊಳ್ಳಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಬೇರೊಂದು ಕುಟುಂಬದಲ್ಲಿ ಇರಿಸಲು 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇವಳ ತಾಯಿ ಚೇತರಿಸಿಕೊಂಡರೆ, ಸಮಿತಿ ಒಪ್ಪಿದರೆ, ಮಗು ಅವಳ ಬಳಿಗೇ ಹೋಗಬೇಕು. ಹೆಸರು ಬಹಿರಂಗಪಡಿಸಲು ಅದೇ ಕಾಯ್ದೆ ಬಿಡುವುದಿಲ್ಲ. ಇಲ್ಲಿ ಪುಟ್ಟಿ ಎನ್ನುತ್ತೇನೆ.

'ಬಿಟ್ಟು ಹೋಗುವ ಮಗು, ತುಂಬಾ ಹಚ್ಚಿಕೊಳ್ಳಬೇಡ.' ಮೂಡಿಗೆರೆ ಸಂತೆಯಲ್ಲಿ ಸಿಗುವ ಪರಿಚಯದವರಿಂದ ಹಿಡಿದು ನನ್ನ ಅಕ್ಕನವರೆಗೆ ಎಲ್ಲರದೂ ಇದೇ ಬುದ್ಧಿಮಾತು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಅಳೆದು ಸುರಿದ ಅಕ್ಕರೆಯನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ.

ಪುಟ್ಟಿಗೆ ಒಂದು ಅಭ್ಯಾಸವಿದೆ. ರಾತ್ರಿ ದೀಪ ಆರಿಸುವ ಮುಂಚೆ 'ನಾಳೆ ತಿಂಡಿ ಏನು?' ಎಂದು ಕೇಳುತ್ತಾಳೆ. ಮೊದಮೊದಲು ತಿಂಡಿಯ ಆಸೆ ಎಂದುಕೊಂಡಿದ್ದೆವು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಮನೆ ನೋಡಲು ಬರುವ ಮೇಡಂ ಬಿಡಿಸಿ ಹೇಳಿದರು: ನಾಳೆಯೂ ತಾನು ಇಲ್ಲೇ ಇರುತ್ತೇನೆಯೇ ಎಂದು ಅವಳು ಕೇಳುತ್ತಿದ್ದಾಳೆ. ಅಂದಿನಿಂದ ರೊಟ್ಟಿ ಎಂದು ಹೇಳಿದರೆ ರೊಟ್ಟಿಯೇ, ಅವಲಕ್ಕಿ ಎಂದರೆ ಅವಲಕ್ಕಿಯೇ.

ಕಳೆದ ಜನವರಿಯಲ್ಲಿ, ರೊಬಸ್ಟಾ ಕಾಫಿ ಕೊಯ್ಲಿನ ಭರಾಟೆಯಲ್ಲಿ, ಪುಟ್ಟಿಗೆ ತಾಯಿಯನ್ನು ತೋರಿಸಲು ಚಿಕ್ಕಮಗಳೂರಿಗೆ ಹೋಗಿದ್ದೆವು. ಚಿಕಿತ್ಸೆಯಲ್ಲಿರುವ ಆಕೆ ಬಹಳ ಸೊರಗಿದ್ದಳು. ತಾಯಿ ಮಗಳು ಹೆಚ್ಚು ಮಾತನಾಡಲಿಲ್ಲ. ತಾಯಿ ಜಡೆ ಬಿಚ್ಚಿ ಮತ್ತೆ ಹೆಣೆದಳು, ಅಷ್ಟೇ. ಹಿಂದಿರುಗುವಾಗ ಆಲ್ದೂರು ದಾಟುವವರೆಗೂ ಪುಟ್ಟಿ ಆ ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು.

ಮನೆ ಮುಟ್ಟುವ ಹೊತ್ತಿಗೆ ನನ್ನ ಗಂಡ ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ಪುಟ್ಟಿ ಚಪ್ಪಲಿಯನ್ನೂ ಬಿಡದೆ ಓಡಿ ಹೋಗಿ ರಾಶಿಯನ್ನು ಒದ್ದಳು. ಹಣ್ಣು ಅಂಗಳದ ಚರಂಡಿಯವರೆಗೆ ಚದುರಿತು. 'ನಿಮ್ಮ ಮನೆ ಊಟ ನನಗೆ ಬೇಡ' ಎಂದು ಕಿರುಚಿದಳು. ನಮ್ಮ ಕೆಲಸದಾಳುಗಳು ನೋಡುತ್ತಾ ನಿಂತರು. ಯಾರೂ ಬೈಯಲಿಲ್ಲ. ನಮ್ಮವರು ಗೋರುವ ಹಲಗೆ ಹಿಡಿದು ಮತ್ತೆ ರಾಶಿ ಮಾಡತೊಡಗಿದರು. ನಾನು ಅವಳ ಪಕ್ಕದಲ್ಲಿ ನೆಲಕ್ಕೇ ಕುಳಿತು, ಅಮ್ಮನನ್ನು ಬಿಟ್ಟು ಬರುವುದು ಕಷ್ಟ, ಸಿಟ್ಟು ಬರುವುದು ಸಹಜ, ಆದರೆ ಕಾಫಿ ಒದೆಯುವುದು ಬೇಡ ಎಂದೆ. ಮುಟ್ಟಲು ಬಿಡಲಿಲ್ಲ. ಮುಟ್ಟಲಿಲ್ಲ.

ಆ ಸಂಜೆ ನನ್ನ ಎದೆ ಉರಿಯುತ್ತಿತ್ತು. ಅವಳ ಕೋಪ ನನ್ನ ಮೇಲಲ್ಲ ಎಂದು ತಿಳಿದಿದ್ದರೂ ನೋವಾಗುತ್ತದೆ. ಅವಳನ್ನು ಗಂಡನ ಜೊತೆ ಬಿಟ್ಟು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗಿ ಅತ್ತುಬಿಟ್ಟೆ. ತೀರಿಕೊಂಡ ತಂಗಿಯ ಮಕ್ಕಳನ್ನು ಸಾಕಿ ದಡ ಸೇರಿಸಿದ ಹೆಂಗಸು ಆಕೆ. ಉಪದೇಶ ಮಾಡಲಿಲ್ಲ, ಬೆಲ್ಲದ ಕಾಫಿ ಕೊಟ್ಟು ಜಗಲಿಯಲ್ಲಿ ಎದುರು ಕೂತರು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಹೀಗೆ ಸಾಕುವ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ, ಅದು ಬೇಕು. ಆದರೆ ನಮ್ಮಂಥ ಪೋಷಕರನ್ನು ಗಟ್ಟಿಯಾಗಿ ನಿಲ್ಲಿಸುವುದು ಇಂಥ ಒಂದು ಜಗಲಿ. ಪ್ರತಿ ತಾಲ್ಲೂಕಿನಲ್ಲೂ ಸಾಕುವವರು ತಿಂಗಳಿಗೊಮ್ಮೆ ಕೂತು ಮಾತನಾಡುವ ವ್ಯವಸ್ಥೆ ಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಪೋಷಕರು ಸೋತು ಕೈಚೆಲ್ಲಿದರೆ ಮಗು ಮತ್ತೊಂದು ಮನೆಯ ಬಾಗಿಲು ನೋಡಬೇಕು.

ರಾತ್ರಿ ಊಟಕ್ಕೆ ಕರೆದಾಗ ಪುಟ್ಟಿ ಬರಲಿಲ್ಲ. ತಟ್ಟೆ ಮುಚ್ಚಿಟ್ಟೆ. ಎಷ್ಟೋ ಹೊತ್ತಿನ ಮೇಲೆ ತಾನೇ ಎದ್ದು ಬಂದು ತಿಂದಳು. ಹಾಸಿಗೆಗೆ ಹೋದ ಮೇಲೆ ಕತ್ತಲಲ್ಲಿ ಪ್ರಶ್ನೆ ಬಂತು. ಕಡುಬು ಎಂದೆ. ಅಕ್ಕಿ ತರಿ ಮುಗಿದಿತ್ತು, ಬೆಳಿಗ್ಗೆ ಬೇಗ ಎದ್ದು ಒಡೆದುಕೊಂಡೆ.

ಮುಂದಿನ ಭೇಟಿಯಲ್ಲಿ ತಾಯಿಯ ಜೊತೆ ನನಗೂ ಸ್ವಲ್ಪ ಹೊತ್ತು ಬೇಕೆಂದು ಮೇಡಂ ಅವರಲ್ಲಿ ಕೇಳಿದ್ದೇನೆ. ಹಾಲಿಗೆ ಸಕ್ಕರೆ ಬೇಡ, ಗುಡುಗಿಗೆ ಹೆದರುತ್ತಾಳೆ, ರಾತ್ರಿ ತಿಂಡಿಯ ವಿಷಯ ಕೇಳುತ್ತಾಳೆ, ಹೇಳಿದ್ದನ್ನೇ ಮಾಡಬೇಕು. ಮಗಳನ್ನು ಕರೆದುಕೊಂಡು ಹೋಗುವ ಮುಂಚೆ ಇದೆಲ್ಲ ಆಕೆಗೆ ಗೊತ್ತಿರಬೇಕು.